ಬೆಳಕಿನ ಲೆಕ್ಕಕ್ಕೂ ಒಂದು ಸಾಫ್ಟ್‌ವೇರಾ?

ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಕಾಯುತ್ತಾ ಕೂತಾಗಲೂ ಯಾರಾದರೂ ಇದನ್ನು ಕೇಳಿಬಿಡುತ್ತಾರೆ. "ಸರ್, ಗಾಜಿನ ಮೇಲೆ ಬಿದ್ದ ಬೆಳಕು ಎಷ್ಟು ವಾಪಸ್ ಬರುತ್ತೆ ಅನ್ನೋಕೆ ಒಂದು ಸಣ್ಣ ಸೂತ್ರ ಸಾಲದಾ? ಅದಕ್ಕೂ ಸಾಫ್ಟ್‌ವೇರಾ?"

ಗಾಜಿಗಾದರೆ ಸೂತ್ರವೇ ಸಾಕು. ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜಿನ ಒಂದು ಮೈಯಿಂದ ಸುಮಾರು 4% ವಾಪಸ್ ಬರುತ್ತದೆ, ಮಿಕ್ಕಿದ್ದು ಒಳಗೆ ಹೋಗುತ್ತದೆ. ತೊಂದರೆ ಇರುವುದು ದಿಕ್ಕಿಗೊಂದು ಗುಣ ಇರುವ ವಸ್ತುಗಳಲ್ಲಿ.

ನಮ್ಮದು ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಗೆ ಹೆಸರಾಗಿದ್ದ ಊರು, ಹಾಗಾಗಿ ಬಟ್ಟೆಯನ್ನೇ ನೋಡಿ. ನೂಲಿನ ಗುಂಟ ಎಳೆದರೆ ಬಿಗಿ. ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ಕೆಲವು ಹರಳುಗಳು ಬೆಳಕಿನ ವಿಷಯದಲ್ಲಿ ಹೀಗೇ. ಕ್ಯಾಲ್ಸೈಟ್ ಅನ್ನೋ ಹರಳಿನ ಒಳಗೆ ಬೆಳಕು ಎರಡಾಗುತ್ತದೆ. ಒಂದಕ್ಕೆ ವಕ್ರೀಭವನ ಸೂಚ್ಯಂಕ (ಬೆಳಕು ವಸ್ತುವಿನೊಳಗೆ ಎಷ್ಟು ಪಟ್ಟು ನಿಧಾನ ಅನ್ನೋ ಸಂಖ್ಯೆ) 1.658. ಇನ್ನೊಂದಕ್ಕೆ ಅದು ದಿಕ್ಕು ನೋಡಿಕೊಂಡು 1.486ರವರೆಗೂ ಇಳಿಯುತ್ತದೆ. ಹರಳನ್ನು ಪೇಪರ್ ಮೇಲಿಟ್ಟರೆ ಅಕ್ಷರ ಎರಡೆರಡು ಕಾಣುತ್ತವೆ.

ಕ್ಯಾಲ್ಸೈಟ್ ಎಲ್ಲಿಂದ ತರಲಿ ಅಂತೀರಾ? ಸೆಲ್ಲೋಟೇಪ್ ಸಾಕು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ. ಒಂದು ಪ್ಲಾಸ್ಟಿಕ್ ಹಾಳೆಗೆ ಅಡ್ಡಾದಿಡ್ಡಿ ನಾಲ್ಕೈದು ಪದರ ಟೇಪ್ ಅಂಟಿಸಿ ಮುಂದೆ ಹಿಡಿಯಿರಿ. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣೆದುರು ನಿಧಾನಕ್ಕೆ ತಿರುಗಿಸಿ. ಪರದೆ ಕಪ್ಪಾಗುವ ಹೊತ್ತಿಗೆ ಟೇಪ್ ಮಾತ್ರ ನೀಲಿ, ಹಳದಿ, ಗುಲಾಬಿ ಅಂತ ಹೊಳೆಯುತ್ತದೆ. ಪದರ ಹೆಚ್ಚಾದಂತೆ ಬಣ್ಣ ಬದಲು. ಬಣ್ಣ ಇರೋದು ಟೇಪಿನಲ್ಲಲ್ಲ, ನೆನಪಿರಲಿ. ಕ್ಯಾಲ್ಸೈಟಿನಂತೆ ಟೇಪಿನೊಳಗೂ ಬೆಳಕು ಎರಡಾಗುತ್ತದೆ, ಆ ಎರಡು ಗ್ಲಾಸಿನಲ್ಲಿ ಮತ್ತೆ ಸೇರುವಾಗ ಬಣ್ಣ ಹುಟ್ಟುತ್ತದೆ.

ಈಗ ಯಾವ ಬಣ್ಣ ಬರುತ್ತದೆ ಅಂತ ಮೊದಲೇ ಹೇಳಿ ನೋಡೋಣ! ಪ್ರತಿ ಪದರದಲ್ಲೂ ಕೆಳಗಿಳಿಯುವ ಅಲೆ ಎರಡು, ಮೇಲೆ ಬರುವ ಅಲೆ ಎರಡು. 1972ರಲ್ಲಿ ಬೆರಿಮನ್ ಎಂಬ ವಿಜ್ಞಾನಿ ಈ ಲೆಕ್ಕವನ್ನು 4×4 ಮ್ಯಾಟ್ರಿಕ್ಸ್‌ಗೆ, ಅಂದರೆ ನಾಲ್ಕು ಸಾಲು ನಾಲ್ಕು ಕಂಬದ ಸಂಖ್ಯೆಗಳ ಚೌಕಕ್ಕೆ, ತಂದರು. ಪದರಕ್ಕೊಂದು ಮ್ಯಾಟ್ರಿಕ್ಸ್, ಸಾಲಾಗಿ ಗುಣಿಸುತ್ತಾ ಹೋಗುವುದು. ಆದರೆ ತರಂಗಾಂತರ, ಅಂದರೆ ಬೆಳಕಿನ ಬಣ್ಣ, ಬದಲಾದಾಗಲೆಲ್ಲ ಮೊದಲಿಂದ ಮಾಡಬೇಕು. 400ರಿಂದ 700 ನ್ಯಾನೋಮೀಟರ್‌ವರೆಗೆ ಒಂದೊಂದೇ ನ್ಯಾನೋಮೀಟರ್ ಹೆಜ್ಜೆ ಇಟ್ಟರೆ, ಹತ್ತು ಪದರಕ್ಕೆ 3010 ಮ್ಯಾಟ್ರಿಕ್ಸ್. ಅದೂ ಒಂದೇ ಕೋನಕ್ಕೆ. ಕೈಯಲ್ಲಿ ಮಾಡೋ ಕೆಲಸವಾ ಇದು?

ಹಾಗಂತ ಸಾಫ್ಟ್‌ವೇರ್ ಹೇಳಿದ್ದೆಲ್ಲ ನಿಜ ಅಲ್ಲ. ನಾನು ಬರೆದ ಮೊದಲ ಪ್ರೋಗ್ರಾಂ, ಬಿದ್ದ ಬೆಳಕಿಗಿಂತ ವಾಪಸ್ ಬಂದ ಬೆಳಕೇ ಜಾಸ್ತಿ ಅಂದಿತ್ತು. ಗ್ರಾಫ್ ಮಾತ್ರ ಬಲು ಚೆಂದ! ನೋಡಿದರೆ ಮೇಲೆ ಬರುವ ಅಲೆಯೊಂದನ್ನು ಇಳಿಯುವವುಗಳ ಸಾಲಿನಲ್ಲಿ ಕೂರಿಸಿದ್ದೆ. ಎರಡು ದಿನ ಹೋಯ್ತು.

ಅವತ್ತಿನಿಂದ ಮೊದಲು ಎಲ್ಲ ದಿಕ್ಕಿಗೂ ಸೂಚ್ಯಂಕ 1.5 ಅಂತ ಒಂದೇ ಸಂಖ್ಯೆ ಕೊಟ್ಟು, ಒಂದೇ ಮೈ ಇಟ್ಟು ಓಡಿಸುತ್ತೇನೆ. ಆಗ ಅದು ಬರೀ ಗಾಜು, ನೀವು ಹೇಳಿದ ಅದೇ ಸೂತ್ರದ ಲೆಕ್ಕ. 4% ಬರಲಿಲ್ಲವೋ, ಹರಳಿನ ಸುದ್ದಿಗೇ ಹೋಗುವುದಿಲ್ಲ.