ಅಜ್ಜಿಗೆ ಹೇಗೆ ಹೇಳಿದೆ?

"ನಿಮ್ಮ ಅಜ್ಜಿಗೆ ಹೇಗೆ ಹೇಳಿದೆ?" ಎರಡು ವರ್ಷದಿಂದ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದೇ. ನಾನು ಮದುವೆಯಾಗಲಿರುವ ಹುಡುಗ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವನು, ಊರು ಯಲ್ಲಾಪುರದ ಹತ್ತಿರ. ಅಜ್ಜಿಗೆ 83 ವರ್ಷ, ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಕಪ್ಪು ಮೈಬಣ್ಣ ಕಂಡರೆ ಅವರಿಗೆ ಮೊದಲಿಂದಲೂ ಆಗದು. ಕೇಳುವವರು ಸುಮ್ನೆ ಕುತೂಹಲಕ್ಕೆ ಕೇಳುವುದಿಲ್ಲ. ಒಬ್ಬಳ ಗೆಳೆಯ ಇಂಫಾಲದವನು, ಇನ್ನೊಬ್ಬನ ಹುಡುಗಿ ಕೀನ್ಯಾದವಳು. ಅವರ ಮನೆಗಳಲ್ಲೂ ಒಬ್ಬ ಅಜ್ಜಿಯೋ ತಾತನೋ ಇದ್ದಾರೆ.

ಮೊದಲನೇ ಸಲ ನಾನು ಮಾಡಿದ್ದು ತಪ್ಪು. ಗಣೇಶನ ಹಬ್ಬದ ದಿನ, ಮನೆ ತುಂಬ ಜನ ಇದ್ದಾಗ ಅವನನ್ನು ಕರೆದುಕೊಂಡು ಹೋದೆ. ಅಜ್ಜಿಗೂ ಏನೂ ಹೇಳಿರಲಿಲ್ಲ, ಅವನಿಗೂ ಹೇಳಿರಲಿಲ್ಲ. ಅವನ ಕನ್ನಡ ಕೇಳಿದರೆ, ಎರಡು ಮಾತಾಡಿದರೆ ಅಜ್ಜಿ ಕರಗುತ್ತಾರೆ ಅಂದುಕೊಂಡಿದ್ದೆ.

"ಯಾವ ದೇಶ?" ಅಂದರು ಅಜ್ಜಿ.

"ಯಲ್ಲಾಪುರ ಅಜ್ಜಿ, ಉತ್ತರ ಕನ್ನಡ."

"ಅದು ಸರಿ. ಮೂಲ ಎಲ್ಲಿ?"

ಕಾಫಿ ಬಂತು. ಎಲ್ಲರಿಗೂ ಸ್ಟೀಲ್ ಲೋಟ, ಅವನಿಗೆ ಪೇಪರ್ ಕಪ್. ಆಮೇಲೆ ಅಜ್ಜಿ ನನ್ನ ಕಡೆ ತಿರುಗಿ, ದನಿ ಕೂಡ ತಗ್ಗಿಸದೆ, "ಹುಟ್ಟೋ ಮಕ್ಕಳ ಗತಿ ಏನೇ?" ಅಂದರು. ಅವನು ತಲೆ ಎತ್ತಲಿಲ್ಲ. ಕಪ್ಪಿನ ಅಂಚನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಕೂತಿದ್ದ, ಒತ್ತಿ ಒತ್ತಿ ಅದು ಒಂದು ಕಡೆ ಪೂರ್ತಿ ಮಡಚಿಕೊಂಡಿತ್ತು. ಕಾಫಿ ಮುಗಿಸಿ, ಎಲ್ಲರಿಗೂ ಹೋಗಿಬರುತ್ತೇನೆ ಅಂತ ಹೇಳಿಯೇ ಎದ್ದ. ವಾಪಸ್ ಬರುವಾಗ ರಾಮಕೃಷ್ಣ ಆಶ್ರಮದ ಸಿಗ್ನಲ್‌ನಲ್ಲಿ ಬೈಕ್ ನಿಂತಾಗ ಒಂದೇ ಮಾತು ಹೇಳಿದ: "ಮುಂಚೆನೇ ಹೇಳಿದ್ದರೆ, ಬರಬೇಕೋ ಬೇಡವೋ ಅಂತ ನಾನೇ ತೀರ್ಮಾನ ಮಾಡುತ್ತಿದ್ದೆ."

ಈ ಊರಲ್ಲಿ ಅವನಿಗೆ ಇದು ಹೊಸದಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಪಾಸ್‌ಪೋರ್ಟ್ ಕೇಳುತ್ತಾರೆ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟದ ಕಡೆ ಸುಡಾನ್‌ನ ಒಬ್ಬನ ಕಾರು ಅಪಘಾತ ಮಾಡಿದ್ದಕ್ಕೆ, ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆದಿತ್ತು. ಆಗ ಅವನು ಇಲ್ಲೇ ಓದುತ್ತಿದ್ದ. ರೂಮ್ ಬಿಟ್ಟು ಹೊರಗೆ ಹೋಗಬೇಡ ಅಂತ ಅವರಮ್ಮ ದಿನಾ ಫೋನ್ ಮಾಡುತ್ತಿದ್ದರಂತೆ. ಅಂಥವನನ್ನು ನಮ್ಮ ಮನೆಯಲ್ಲೂ ಪರೀಕ್ಷೆಗೆ ಕೂರಿಸಿದ್ದೆ ನಾನು.

ಅವರೇಕಾಯಿ ಕಾಲದಲ್ಲಿ ಒಬ್ಬಳೇ ಹೋದೆ. ಅಜ್ಜಿ ಹಿತಕಿದಬೇಳೆಗೆ ಕಾಳು ಹಿತುಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಹಿತುಕುತ್ತಾ ಹೇಳಿದೆ. ಸಿದ್ದಿಗಳ ಹಿರೀಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದರು, ಅಲ್ಲಿಂದ ತಪ್ಪಿಸಿಕೊಂಡವರು ಕಾಡು ಸೇರಿ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲದ ಕಡೆ ನೆಲೆ ನಿಂತರು, ಅದಾಗಿ ನೂರಾರು ವರ್ಷವಾಯಿತು ಅಂದೆ. ನಮ್ಮ ತಾತ ಹಾಸನದಿಂದ ಬೆಂಗಳೂರಿಗೆ ಬಂದು ಎಪ್ಪತ್ತು ವರ್ಷವೂ ಆಗಿಲ್ಲ, ನಮ್ಮನ್ನು ಯಾರಾದರೂ ಮೂಲ ಕೇಳುತ್ತಾರಾ? ಆದರೆ ಅದನ್ನು ಹೇಳುವಾಗಲೇ ನನಗೆ ಇನ್ನೊಂದು ಹೊಳೆಯಿತು, ಅದನ್ನೂ ಹೇಳಿದೆ. ಅವನು ನಿನ್ನೆ ತಾನೇ ಆಫ್ರಿಕಾದಿಂದ ಬಂದಿಳಿದವನಾಗಿದ್ದರೂ ಆ ಪೇಪರ್ ಕಪ್ ತಪ್ಪೇ. ಅವನನ್ನೇ ಮದುವೆಯಾಗುತ್ತೇನೆ, ಅವನಿಗೆ ಬೇರೆ ಲೋಟ ಕೊಟ್ಟರೆ ನಾನೂ ಈ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ.

ಅಜ್ಜಿ ಅತ್ತರು. "ಜನ ಏನಂತಾರೆ" ಅಂದರು. ನಾನು ದನಿ ಏರಿಸಲಿಲ್ಲ, ಆದರೆ ಆಡಿದ ಮಾತನ್ನು ವಾಪಸ್ ತಗೊಳ್ಳಲೂ ಇಲ್ಲ.

ವಯಸ್ಸಾಯಿತು, ಬಿಟ್ಟುಬಿಡು ಅಂತ ಅತ್ತೆಯಂದಿರು ಹೇಳಿದರು. ನನಗೆ ಅದು ಅಜ್ಜಿಗೇ ಅವಮಾನ ಅನಿಸುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರ ಮುಖ ನೋಡಬೇಕು ಅಂತ ವಿಡಿಯೋ ಕಾಲ್ ಕಲಿತ ಹೆಂಗಸು ಅವರು. ಬೇಕು ಅನಿಸಿದ್ದನ್ನು ಕಲಿಯುವ ಶಕ್ತಿ ಅವರಿಗೆ ಚೆನ್ನಾಗಿಯೇ ಇದೆ ಅಲ್ವಾ?

ಹಾಗಾಗಿ ಕೇಳಿದವರಿಗೆ ಹೇಳುತ್ತೇನೆ: ಹಬ್ಬ, ಮುಂಜಿ, ಮದುವೆ ದಿನ ಬೇಡ. ಮೊದಲು ನೀವೊಬ್ಬರೇ ಹೋಗಿ, ಬೈಗುಳ ನಿಮ್ಮ ಮೇಲೇ ಬೀಳಲಿ. ಅಜ್ಜಿ ಏನೇನು ಅನ್ನಬಹುದು ಅಂತ ನಿಮ್ಮ ಜೊತೆಯವರಿಗೆ ಅದೇ ಪದಗಳಲ್ಲಿ ಹೇಳಿ, ಬರುವುದೋ ಬಿಡುವುದೋ ಅವರಿಗೇ ಬಿಡಿ. ಅಲ್ಲಿ ಕೆಟ್ಟ ಮಾತು ಬಂದರೆ ಮೊದಲು ಎದ್ದು ನಿಲ್ಲಬೇಕಾದವರು ನೀವು.

ಈಗ ನಮ್ಮ ಮನೆಯಲ್ಲಿ ಅವನಿಗೂ ಸ್ಟೀಲ್ ಲೋಟದಲ್ಲೇ ಕಾಫಿ. ಮಕ್ಕಳ ಮಾತು ಅಜ್ಜಿ ಮತ್ತೆ ಎತ್ತಿಲ್ಲ. ತಪ್ಪಾಯಿತು ಅಂತಲೂ ಅಂದಿಲ್ಲ. ಅವನು ಮಾತ್ರ ಇವತ್ತಿಗೂ ಗೇಟಿನ ಹೊರಗೆ ಬೈಕ್ ನಿಲ್ಲಿಸಿದ ಮೇಲೆ, ಹೆಲ್ಮೆಟ್ ಕೈಯಲ್ಲಿ ಹಿಡಿದು ಒಂದು ನಿಮಿಷ ಹಾಗೇ ನಿಲ್ಲುತ್ತಾನೆ. ನಾನೂ ಜೊತೆಗೆ ನಿಲ್ಲುತ್ತೇನೆ.