ರಿಮೂವ್ ಮಾಡಿ ಅಂದ್ರೆ, ಎಲ್ಲಿಂದ?

ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ನಮಗೆ ಬರುವ ಟಿಕೆಟ್‌ಗಳಲ್ಲಿ, ಅಂದರೆ ಕೆಲಸದ ಕೋರಿಕೆಗಳಲ್ಲಿ, ಹೆಚ್ಚು ತಲೆ ತಿನ್ನುವುದು 'ಈ ಯೂಸರ್‌ನ ರಿಮೂವ್ ಮಾಡಿ' ಅನ್ನುವ ಒಂದು ಸಾಲು. ಗ್ರೂಪಿನಿಂದ ತೆಗೆದರೆ ಸಾಕಾ, ಅಕೌಂಟೇ ಹೋಗಬೇಕಾ? ಗ್ರೂಪಿಗೆ ಮತ್ತೆ ಸೇರಿಸುವುದು ಸುಲಭ. ಅಕೌಂಟ್ ಹೋಯಿತು ಅಂದ್ರೆ ಬ್ಯಾಕಪ್ ಹುಡುಕಬೇಕು. ನಮ್ಮ ಸರ್ವರ್ ಓಡಿಸುವ ಲಿನಕ್ಸ್ ಸಿಸ್ಟಮ್‌ನಲ್ಲಂತೂ ಅಕೌಂಟ್ ಅಳಿಸುವ ಯೂಸರ್‌ಡೆಲ್ ಕಮಾಂಡನ್ನು ಬರೀ ಹಾಗೇ ಹಾಕಿದರೆ ಅವರ ಹೋಮ್ ಫೋಲ್ಡರ್ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ, ಮಾಲೀಕರ ಹೆಸರಿನ ಜಾಗದಲ್ಲಿ ಅವರ ಹಳೆಯ ಯೂಸರ್ ನಂಬರ್ ಮಾತ್ರ. ಮುಂದೆ ಆ ನಂಬರ್ ಹೊಸಬರಿಗೆ ಸಿಕ್ಕರೆ ಫೈಲ್‌ಗಳೂ ಅವರದಾಗುತ್ತವೆ!

ರಿಮೂವ್ ಅಂದರೆ ಇದ್ದ ಜಾಗದಿಂದ ತೆಗೆಯುವುದು, ಅಷ್ಟೇ. ಪ್ಲೇಲಿಸ್ಟ್‌ನಿಂದ ಹಾಡು ತೆಗೆದರೆ ಹಾಡು ಎಲ್ಲೂ ಹೋಗುವುದಿಲ್ಲ, ಅಲ್ವಾ? ಡಿಲೀಟ್ ಅಂದರೆ ಆ ವಸ್ತುವೇ ಹೋಗಬೇಕು. ಆ್ಯಪ್‌ನ ಬಟನ್ ಮೇಲೆ ಒಂದರ ಬದಲು ಇನ್ನೊಂದನ್ನು ಸುಮ್ನೆ ಬರೆದುಬಿಡುವವರ ಮೇಲೆ ನನಗೆ ಸಿಟ್ಟಿದೆ.

ಈ ವ್ಯತ್ಯಾಸ ಚೆನ್ನಾಗಿ ಕಾಣುವುದು ಫೈಲ್ ತೆಗೆಯುವ ಲಿನಕ್ಸ್‌ನ ಆರ್‌ಎಮ್ ಕಮಾಂಡಿನಲ್ಲಿ. ಡಿಸ್ಕ್ ತುಂಬಿದೆ ಅಂತ ಅಲರ್ಟ್ ಬರುತ್ತದೆ. ಹೊಸಬರು ದೊಡ್ಡದೊಂದು ಲಾಗ್ ಫೈಲ್ (ಪ್ರೋಗ್ರಾಮ್ ತನ್ನ ಕೆಲಸದ ದಾಖಲೆ ಬರೆಯುತ್ತಾ ಹೋಗುವ ಫೈಲ್) ಹುಡುಕಿ ಆರ್‌ಎಮ್ ಹೊಡೆಯುತ್ತಾರೆ. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಹಾಕಿದರೆ ಫೈಲ್ ಇಲ್ಲ. ಕಾಣುವ ಫೈಲ್‌ಗಳ ಗಾತ್ರ ಕೂಡುವ ಡಿಯು ಲೆಕ್ಕದಲ್ಲೂ ಜಾಗ ಬಿಟ್ಟಿದೆ. ಇಡೀ ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಮಾತ್ರ 100% ಅಂತಲೇ ತೋರಿಸುತ್ತದೆ. ಯಾಕಂದ್ರೆ ಆರ್‌ಎಮ್ ಕಿತ್ತುಹಾಕುವುದು ಫೋಲ್ಡರ್‌ನಲ್ಲಿರುವ ಹೆಸರನ್ನು. ಒಳಗೆ ಅದು ಕರ್ನಲ್‌ಗೆ, ಅಂದರೆ ಸಿಸ್ಟಮ್‌ನ ತಿರುಳಿಗೆ, ಮಾಡುವ ಕರೆಯ (ಸಿಸ್ಟಮ್ ಕಾಲ್) ಹೆಸರೇ ಅನ್‌ಲಿಂಕ್, ಕೊಂಡಿ ಬಿಡಿಸು ಅಂತ. ಲಾಗ್ ಬರೆಯುತ್ತಿರುವ ಪ್ರೋಗ್ರಾಮ್ ಆ ಫೈಲನ್ನು ಇನ್ನೂ ತೆರೆದು ಹಿಡಿದುಕೊಂಡಿದೆ, ಅದು ಬಿಡುವ ತನಕ ಕರ್ನಲ್ ಜಾಗ ವಾಪಸ್ ಕೊಡುವುದಿಲ್ಲ. ತೆರೆದಿರುವ ಫೈಲ್‌ಗಳನ್ನು ತೋರಿಸುವ ಎಲ್‌ಎಸ್‌ಒಎಫ್ ಹಾಕಿ, 'ಡಿಲೀಟೆಡ್' ಅಂತ ತೋರಿಸುವ ಸಾಲು ಹುಡುಕಿ, ಆ ಸರ್ವೀಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುತ್ತದೆ. ಓಡುತ್ತಿರುವ ಲಾಗ್ ಆದರೆ ಆರ್‌ಎಮ್ ಬಿಟ್ಟು ಟ್ರಂಕೇಟ್ ಮಾಡಿ ಅಂತಲೇ ನಾನು ಹೇಳುವುದು. ಫೈಲ್ ಇರುತ್ತದೆ, ಒಳಗಿನದು ಮಾತ್ರ ಖಾಲಿ.

ಡೇಟಾಬೇಸ್‌ನಲ್ಲಿ ಹೆಸರುಗಳಾದರೂ ಬೇರೆ ಬೇರೆ ಇವೆ. ಡಿಲೀಟ್ ಹಾಕಿದರೆ ಸಾಲುಗಳು ಹೋಗುತ್ತವೆ, ಟೇಬಲ್ ಉಳಿಯುತ್ತದೆ. ಡ್ರಾಪ್ ಹಾಕಿದರೆ ಟೇಬಲ್ಲೇ ಇಲ್ಲ. ಡಿಲೀಟ್‌ಗೆ ವೇರ್, ಅಂದರೆ ಯಾವ ಸಾಲುಗಳು ಅನ್ನುವ ಷರತ್ತು, ಸೇರಿಸದಿದ್ದರೆ ಎಲ್ಲ ಸಾಲುಗಳೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ 'ಟೇಬಲ್ ರಿಮೂವ್ ಮಾಡಿ' ಅಂತ ಯಾರಾದರೂ ಬರೆದರೆ ಚಾಟ್‌ನಲ್ಲಿ ಎಳೆದಾಡುವುದಿಲ್ಲ, ನೇರ ಫೋನ್ ಮಾಡುತ್ತೇನೆ. ಉತ್ತರ ಸಿಕ್ಕಮೇಲೆ ಅದನ್ನು ಟಿಕೆಟ್‌ನಲ್ಲಿ ಅವರ ಕೈಯಲ್ಲೇ ಬರೆಸುತ್ತೇನೆ.