ಗ್ರೇಲಿಂಗ್ ಊರಲ್ಲಿ ಗ್ರೇಲಿಂಗ್ ಇಲ್ಲ

ಹೋದ ವಾರ ಮಗ ಕೇಳಿದ ಪ್ರಶ್ನೆಯೊಂದು ಇನ್ನೂ ತಲೆಯಲ್ಲಿ ಕೂತಿದೆ. ಪಕ್ಕದ ಮನೆ ಅಜ್ಜನ ಜೊತೆ ಮೀನು ಹಿಡಿಯಲು ಹೋಗಿದ್ದ. ರಾತ್ರಿ ವಾಪಸ್ಸು ಬಂದವನು ಬಾಗಿಲಲ್ಲೇ ಒದ್ದೆ ಬೂಟು ಬಿಚ್ಚುತ್ತಾ, "ಅಮ್ಮಾ, ಅಜ್ಜಿಮನೆ ಅಪ್ಪೆ ಮರ ಪೂರ್ತಿ ಹೋದಮೇಲೆ ಆ ಊರಿಗೆ ಅದರದ್ದೇ ಹೆಸರು ಇಡ್ತಾರಾ?" ಅಂದ. ಅಪ್ಪೆ ಅಂದರೆ ನಮ್ಮ ಮಲೆನಾಡಿನ ಉಪ್ಪಿನಕಾಯಿ ಮಾವು.

ಅವನ ಲೆಕ್ಕ ಹೀಗೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರದ ನಮ್ಮ ಮನೆಯಿಂದ ಉತ್ತರಕ್ಕೆ ಮೂರು ಗಂಟೆ ಹೋದರೆ ಗ್ರೇಲಿಂಗ್ ಅಂತ ಒಂದು ಪುಟ್ಟ ಊರು ಸಿಗುತ್ತದೆ. ಔಸಾಬಲ್ ನದಿ ಅಲ್ಲೇ ಹರಿಯುತ್ತದೆ. ಗ್ರೇಲಿಂಗ್ ಅನ್ನುವುದು ಮೀನಿನ ಹೆಸರು. ಬೆನ್ನ ಮೇಲೆ ಬಣ್ಣದ ದೊಡ್ಡ ರೆಕ್ಕೆ ಇರುವ ಚಂದದ ಮೀನು. ಒಂದು ಕಾಲಕ್ಕೆ ಈ ನದಿ ತುಂಬ ಅದೇ ಇತ್ತು. "ಎಲ್ಲಿದೆ, ತೋರಿಸಿ" ಅಂತ ಮಗ ಕೇಳಿದ್ದಾನೆ. "ಇಲ್ಲ ಮಗೂ. ನಮ್ಮ ಹಿರಿಯರು ಮುಗಿಸಿಬಿಟ್ಟರು. ಹೆಸರು ಮಾತ್ರ ಇಟ್ಟುಕೊಂಡಿದ್ದೇವೆ" ಅಂದರಂತೆ ಅಜ್ಜ.

ಮುಗಿಸಿದ್ದು ನಿಜ. 19ನೇ ಶತಮಾನದ ಕೊನೆಯಲ್ಲಿ ಮಿಶಿಗನ್ನಿನ ಬಿಳಿ ಪೈನ್ ಕಾಡನ್ನು ಕಡಿದು ದಿಮ್ಮಿಗಳನ್ನು ನದಿಯಲ್ಲೇ ತೇಲಿಬಿಟ್ಟರು. ಮೀನು ಮೊಟ್ಟೆ ಇಡುತ್ತಿದ್ದ ಜಲ್ಲಿಯ ತಳವನ್ನು ದಿಮ್ಮಿಗಳು ಉಜ್ಜಿ ಹಾಳು ಮಾಡಿದವು. ದಂಡೆಯ ಮರ ಹೋಗಿ ನೆರಳೂ ಹೋಯಿತು, ಮರಳು ಕುಸಿದು ನೀರಿಗೆ ಬಿತ್ತು. ಉಳಿದ ಮೀನನ್ನು ಹಿಡಿದು ಹಿಡಿದು ಪೇಟೆಗೆ ಕಳಿಸಿದರು. ಹೊರಗಿನಿಂದ ತಂದು ಬಿಟ್ಟ ಬೇರೆ ಮೀನುಗಳ ಪೈಪೋಟಿ ಬೇರೆ. 1930ರ ದಶಕ ಮುಗಿಯುವ ಹೊತ್ತಿಗೆ ಮಿಶಿಗನ್ನಿನಲ್ಲಿ ಗ್ರೇಲಿಂಗ್ ಇರಲಿಲ್ಲ. ಆ ಹಳೆಯ ಕಾಡು ಹೇಗಿತ್ತು ಅಂತ ನೋಡಬೇಕಾದರೆ ಊರ ಪಕ್ಕದ ಹಾರ್ಟ್‌ವಿಕ್ ಪೈನ್ಸ್ ಉದ್ಯಾನಕ್ಕೆ ಹೋಗಬೇಕು. ಅಲ್ಲಿ ಉಳಿದಿರುವುದು 49 ಎಕರೆ.

ಈಗ ಆ ನದಿಯಲ್ಲಿರುವುದು ಟ್ರೌಟ್ ಮೀನು. ಅಜ್ಜ ಹಿಡಿಯುವುದು ಅದನ್ನೇ, ಅದೂ ಫ್ಲೈ ಫಿಶಿಂಗ್‌ನಲ್ಲಿ. ಗಾಳಕ್ಕೆ ಎರೆಹುಳ ಚುಚ್ಚುವ ಕೆಲಸವಿಲ್ಲ. ಕೋಳಿಯ ಪುಕ್ಕ, ಜಿಂಕೆಯ ಕೂದಲು, ನೂಲು ಸುತ್ತಿ ನೊಣದಂಥದ್ದೊಂದನ್ನು ಕಟ್ಟಿ ನೀರ ಮೇಲೆ ತೇಲಿಬಿಡುತ್ತಾರೆ. ಚಳಿಗಾಲವಿಡೀ ಅವರ ಅಡುಗೆಮನೆ ಮೇಜಿನ ಮೇಲೆ ಇದೇ ಕಟ್ಟುವ ಕೆಲಸ. 1922ರಲ್ಲಿ ಇದೇ ರಾಜ್ಯದಲ್ಲಿ ಲೆನ್ ಹ್ಯಾಲಡೇ ಅನ್ನುವವರು ಮೊದಲು ಕಟ್ಟಿದ 'ಆಡಮ್ಸ್' ಅನ್ನುವ ನೊಣ ಇವತ್ತು ಲೋಕವೆಲ್ಲ ತಿರುಗಿದೆ. ಅದನ್ನು ಕಟ್ಟಲು ಮಗನಿಗೂ ಕಲಿಸಿದ್ದಾರೆ. ನದಿಗೆ ಇಳಿಯುವ ಮೊದಲು ಕಲ್ಲು ಮಗುಚಿ ಅಡಿಯಲ್ಲಿ ಯಾವ ಹುಳ ಇದೆ ಅಂತ ನೋಡಬೇಕಂತೆ. ಆಮೇಲೆ ಥರ್ಮಾಮೀಟರ್ ಅದ್ದಬೇಕಂತೆ. ನೀರು 20 ಡಿಗ್ರಿ ದಾಟಿದ್ದರೆ ಗಾಳ ಮಡಚಿ ಮನೆಗೆ, ಯಾಕೆಂದರೆ ಬಿಸಿ ನೀರಲ್ಲಿ ಒದ್ದಾಡಿ ದಣಿದ ಟ್ರೌಟ್ ಬಿಟ್ಟಮೇಲೂ ಬದುಕುವುದು ಕಷ್ಟ. ಹೌದು, ಬಿಡಲೇಬೇಕು. ಗ್ರೇಲಿಂಗ್‌ನಿಂದ ಕೆಳಗೆ ಸುಮಾರು 14 ಕಿಲೋಮೀಟರ್ ಉದ್ದಕ್ಕೆ ಒಂದು ಮೀನನ್ನೂ ಮನೆಗೆ ಒಯ್ಯುವಂತಿಲ್ಲ. ಆ ಭಾಗವನ್ನು ಅವರು 'ಹೋಲಿ ವಾಟರ್ಸ್' ಅಂತಲೇ ಕರೆಯುತ್ತಾರೆ.

ನಮ್ಮದು ಮೀನು ತಿನ್ನದ ಮನೆ. ಊರಿಗೆ ಫೋನ್ ಮಾಡಿ ಮೊಮ್ಮಗನ ಸಾಹಸ ಹೇಳಿದಾಗ ಅಮ್ಮ, "ಎಂತಕ್ಕೆ ಹಿಡಿಯೂದು, ಎಂತಕ್ಕೆ ಬಿಡೂದು ಕೂಸೇ? ಮೀನಿಗೆ ಬಾಯಿ ನೋವಾಗೂದಿಲ್ವಾ?" ಅಂದಳು. ಅಮ್ಮನ ಮಾತು ಸರಿ ಅಂತಲೇ ನನಗೂ ಅನಿಸುತ್ತದೆ. ಆದರೂ ಒಂದನ್ನು ಒಪ್ಪಬೇಕು. ಔಸಾಬಲ್ ಪರವಾಗಿ ನಿಂತವರು ಈ ಗಾಳ ಹಿಡಿದವರೇ. ಟ್ರೌಟ್ ಅನ್‌ಲಿಮಿಟೆಡ್ ಅನ್ನುವ ಸಂಸ್ಥೆ 1959ರಲ್ಲಿ ಹುಟ್ಟಿದ್ದು ಇದೇ ನದಿಯ ದಂಡೆಯಲ್ಲಿ. ಇವತ್ತು ಅದು ದೇಶದ ತುಂಬ ಹೊಳೆಗಳನ್ನು ಸರಿಪಡಿಸುತ್ತಿದೆ. ಗಾಳ ಹಾಕಲು ಲೈಸೆನ್ಸ್ ಬೇಕು, 17 ತುಂಬದ ಮಕ್ಕಳಿಗೆ ಮಾತ್ರ ಬೇಡ. ಆ ದುಡ್ಡು ಮೀನು, ನೀರು ನೋಡಿಕೊಳ್ಳಲು ಹೋಗುತ್ತದೆ. ಕಳೆದುಕೊಂಡ ಗ್ರೇಲಿಂಗನ್ನು ವಾಪಸ್ಸು ತರಲೂ ಅಲಾಸ್ಕಾದಿಂದ ಮೊಟ್ಟೆ ತಂದು ಪ್ರಯತ್ನ ನಡೆದಿದೆ. ರಾಜ್ಯ ಸರ್ಕಾರದ ಜೊತೆ ಇಲ್ಲಿನ ಮೂಲನಿವಾಸಿ ಒಟ್ಟಾವಾ ಜನ ಅದರ ಮುಂಚೂಣಿಯಲ್ಲಿದ್ದಾರೆ.

ಅಜ್ಜ ನದಿಯಲ್ಲಿದ್ದರೆ ಅಜ್ಜಿ ಹಿತ್ತಿಲಲ್ಲಿ. ಇಲ್ಲಿ ಮೇ ಕೊನೆಯವರೆಗೂ ಮಂಜು ಬಿದ್ದು ಸಸಿ ಸುಡುವ ಭಯ. ಸೆಪ್ಟೆಂಬರ್ ಕೊನೆಗೆ ಮತ್ತೆ ಚಳಿ. ನಡುವೆ ಸಿಗುವ ನಾಲ್ಕು ತಿಂಗಳಲ್ಲಿ ಎಲ್ಲ ಬೆಳೆಯಬೇಕು, ಅದೂ ಮೊಲ, ಜಿಂಕೆಗೆ ಬಿಟ್ಟು ಉಳಿದಷ್ಟು. ನಾನು ಬಸಳೆ, ಹರಿವೆ, ಬೆಂಡೆ ಹಾಕುತ್ತೇನೆ. ಅಜ್ಜಿಯದು ಟೊಮೆಟೊ, ಬೀನ್ಸ್ ಮತ್ತು ಸಾಲು ಸಾಲು ಮಿಡಿ ಸೌತೆ. ಪಕ್ಕದಲ್ಲೇ ಆಳೆತ್ತರದ ಸಬ್ಬಸಿಗೆ. ನಾವು ಎಳೆ ಸೊಪ್ಪು ಕೊಯ್ದು ಅಕ್ಕಿರೊಟ್ಟಿಗೆ ಹಾಕುತ್ತೇವಲ್ಲ, ಅಜ್ಜಿ ಅದು ಹೂ ಬಿಟ್ಟು ಕಾಳು ಕಟ್ಟುವವರೆಗೆ ಕಾಯುತ್ತಾರೆ. ಅವರ ತಾಯಿಯ ಕಡೆಯವರು ಪೋಲೆಂಡಿನಿಂದ ಡೆಟ್ರಾಯಿಟ್ ಪಕ್ಕದ ಹ್ಯಾಮ್‌ಟ್ರಾಮಿಕ್‌ಗೆ ಬಂದವರು. ಕಾರ್ ಕಾರ್ಖಾನೆಯಲ್ಲಿ ದುಡಿದು ಮನೆ ಕಟ್ಟಿಕೊಂಡವರು. ಅವರ ಉಪ್ಪಿನಕಾಯಿಗೆ ವಿನೆಗರ್ ಇಲ್ಲ, ಬರೀ ಉಪ್ಪುನೀರು. ಸೌತೆಯ ಮೇಲೆ ಸಬ್ಬಸಿಗೆ ಹೂಗೊಂಚಲು, ಬೆಳ್ಳುಳ್ಳಿ. ಕಾಯಿ ಮೆತ್ತಗಾಗಬಾರದು ಅಂತ ಎರಡು ದ್ರಾಕ್ಷಿ ಎಲೆ. ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಹೊಳೆಯ ಕಲ್ಲು. ಅಯೋಡಿನ್ ಹಾಕಿದ ಉಪ್ಪು ಮುಟ್ಟುವುದಿಲ್ಲ.

ಆ ಕಲ್ಲು ನೋಡಿ ನನಗೆ ಗಂಟಲು ಕಟ್ಟಿತು. ನಮ್ಮಮ್ಮನ ಭರಣಿಯಲ್ಲೂ ಮಿಡಿಯ ಮೇಲೆ ಇಂಥದ್ದೇ ಕಲ್ಲು ಇರುತ್ತಿತ್ತು.

ಅಪ್ಪೆಮಿಡಿ ಗೊತ್ತಿಲ್ಲದವರಿಗೆ ಸುಮ್ನೆ ಮಾವಿನಮಿಡಿ ಅಂದರೆ ಸಾಲದು. ಸಾಗರ, ಹೊಸನಗರ, ಸಿದ್ದಾಪುರ, ಶಿರಸಿ ಕಡೆ ಹೊಳೆ ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಮಾವು ಅದು. ಒಂದೊಂದು ಮರದ್ದು ಒಂದೊಂದು ಪರಿಮಳ. ಜೀರಿಗೆ ಅಪ್ಪೆಯ ತೊಟ್ಟು ಮುರಿದರೆ ಸೊನೆಯಿಂದ ಜೀರಿಗೆ ಘಮ ಏಳುತ್ತದೆ. ಸೊನೆಯೇ ಉಪ್ಪಿನಕಾಯಿಯ ಜೀವ. ಅದಕ್ಕೇ ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು. ನಮ್ಮೂರಲ್ಲಿ ಮರ ಹತ್ತಿದವರು ಮಿಡಿಯನ್ನು ಬುಟ್ಟಿಗೆ ತುಂಬಿ ಹಗ್ಗದಲ್ಲಿ ಇಳಿಸುತ್ತಿದ್ದರು. ಕಲ್ಲುಪ್ಪಿನಲ್ಲಿ ಹಾಕಿಟ್ಟರೆ ಮಿಡಿ ನೀರು ಬಿಟ್ಟು ಚಿರುಟುತ್ತದೆ. ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಸಾಸಿವೆ, ಒಣಮೆಣಸು, ಅರಿಶಿನ ಬೀಸಿ ಕಲಸಬೇಕು. ಹಾಗೆ ಹಾಕಿದ್ದು ವರ್ಷಗಟ್ಟಲೆ ಕೆಡುವುದಿಲ್ಲ. ಬೇಸಿಗೆ ರಜೆಯಲ್ಲಿ ಬೆಳ್ತಿಗೆ ಅನ್ನ, ಮಜ್ಜಿಗೆ, ಒಂದು ಮಿಡಿ. ಅಷ್ಟಿದ್ದರೆ ನನಗೆ ಇವತ್ತಿಗೂ ಬೇರೇನೂ ಬೇಡ.

ನಮ್ಮ ಮನೆಯ ಭರಣಿಗೆ ಮಿಡಿ ಬರುತ್ತಿದ್ದದ್ದು ಶರಾವತಿಗೆ ಸೇರುವ ಒಂದು ಹಳ್ಳದ ದಂಡೆಯ ಮರದಿಂದ. ಅದು ಯಾರದ್ದೂ ಅಲ್ಲ, ಎಲ್ಲರದ್ದು. ಈ ವರ್ಷ ಮಾರ್ಚಿನಲ್ಲಿ ರಾತ್ರೋರಾತ್ರಿ ಯಾರೋ ಬಂದು ಮಿಡಿ ಕೊಯ್ಯುವ ಬದಲು ಟೊಂಗೆಗಳನ್ನೇ ಕಡಿದು ಕೆಡವಿದ್ದಾರೆ. ನೆಲದಲ್ಲಿ ಕೂತು ಆರಿಸಿಕೊಂಡು ಹೋಗಿದ್ದಾರೆ. ಒಳ್ಳೆಯ ಜೀರಿಗೆ ಮಿಡಿಗೆ ಈಗ ಬೆಲೆ ಜಾಸ್ತಿ, ಮರ ಹತ್ತುವವರು ಕಡಿಮೆ. ಕಾರಣ ಅರ್ಥವಾಗುತ್ತದೆ. ಆದರೆ ಒಂದು ವರ್ಷದ ಮಿಡಿಗೆ ಅಜ್ಜನ ಕಾಲದ ಮರವನ್ನು ಬೋಳು ಮಾಡುವುದು ನನಗೆ ಸಹಿಸಲು ಆಗುವುದಿಲ್ಲ. ತಮ್ಮ ಫೋಟೊ ಕಳಿಸಿದಾಗ ನಾನು ಅತ್ತಿದ್ದನ್ನು ಮಗ ನೋಡಿದ್ದ. ಅದೇ ಮರದ ಬಗ್ಗೆ ಅವನ ಪ್ರಶ್ನೆ.

ಕಾಪಾಡುವುದು ನಮಗೆ ಗೊತ್ತಿಲ್ಲ ಅಂತಲ್ಲ, ಅಲ್ವಾ? ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕದ ಮಲೆನಾಡಿನ ಮಗು ಇದೆಯಾ? ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನು ದೇವರ ಮೀನು. ಅದನ್ನು ಮುಟ್ಟಬಾರದು ಅನ್ನಲು ಅಲ್ಲಿ ಲೈಸೆನ್ಸೂ ಬೇಕಾಗಲಿಲ್ಲ, ಥರ್ಮಾಮೀಟರೂ ಬೇಕಾಗಲಿಲ್ಲ. ಮಗನಿಗೆ ಇದನ್ನು ಹೇಳುವಾಗ ನನಗೆ ಹೆಮ್ಮೆಯೇ ಆಗುತ್ತದೆ. ಗಾಳವೇ ಹಾಕದೆ ಮೀನನ್ನು ಪ್ರೀತಿಸುವುದು ಇನ್ನೂ ದೊಡ್ಡದು ಅಂತ ನನ್ನ ನಂಬಿಕೆ. ಆದರೆ ಅದೇ ಶಿಶಿಲದಲ್ಲಿ 1996ರಲ್ಲಿ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಕೊಂದರು. ಸತ್ತ ಮೀನುಗಳಿಗೆ ಊರವರು ಸ್ಮಾರಕ ಕಟ್ಟಿದ್ದಾರೆ. ಅಷ್ಟು ನೋವು ಪಟ್ಟ ಜನ ನಾವು. ಹೀಗಿದ್ದೂ ದೇವಸ್ಥಾನದ ಮೆಟ್ಟಿಲು ದಾಟಿ ಸ್ವಲ್ಪ ಕೆಳಗೆ ಹೋದರೆ ಅದೇ ನೀರಿಗೆ ಪ್ಲಾಸ್ಟಿಕ್ ಎಸೆಯುತ್ತೇವೆ. ತೋಟೆ ಸಿಡಿಸಿ ಮೀನು ಹಿಡಿಯುವ ಹೊಳೆಗಳೂ ನಮ್ಮಲ್ಲಿವೆ. ಮೆಟ್ಟಿಲ ಹತ್ತಿರ ಇರುವ ಭಕ್ತಿ ಹಳ್ಳದ ದಂಡೆಯ ಅಪ್ಪೆ ಮರದವರೆಗೆ ಯಾಕೆ ಬರುವುದಿಲ್ಲ ಅನ್ನುವುದು ನನ್ನ ಸಂಕಟ. ಇವರು ಕಳೆದುಕೊಂಡು ಕಲಿತರು. ನಮ್ಮಲ್ಲಿ ಮರವೂ ಇದೆ, ಮೀನೂ ಇದೆ.

ಕೆಲಸ ಮಾಡುತ್ತಿರುವವರೂ ಇದ್ದಾರೆ. ಅಪ್ಪೆಯ ಗೊರಟು ಹಾಕಿದರೆ ತಾಯಿಮರದ ಪರಿಮಳ ಬಂದೇ ಬರುತ್ತದೆ ಅನ್ನುವಂತಿಲ್ಲ. ಕಸಿ ಕಟ್ಟಲೇಬೇಕು. ಸಾಗರ, ಶಿರಸಿ ಕಡೆ ಕೆಲವು ರೈತರು ಒಳ್ಳೊಳ್ಳೆಯ ಮರ ಹುಡುಕಿ ಕಸಿ ಮಾಡಿ ಉಳಿಸಿದ್ದಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ತಳಿಗಳನ್ನು ಸಂಗ್ರಹಿಸಿದೆ. ಮಗನ ಪ್ರಶ್ನೆ ಕೇಳಿದ ರಾತ್ರಿಯೇ ನಾನು ತಮ್ಮನಿಗೆ ಫೋನ್ ಮಾಡಿದೆ. ಬೋಳಾದ ಮರದಲ್ಲಿ ಒಂದು ಕಡೆ ಚಿಗುರು ಬಂದಿದೆಯಂತೆ. ಮಳೆಗಾಲವೇ ಕಸಿಗೆ ಸರಿಯಾದ ಹೊತ್ತು. ಗೊತ್ತಿರುವವರನ್ನು ಕರೆಸಿ ಕಡ್ಡಿ ಕೊಯ್ಸು ಅಂದೆ.

"ಕಸಿ ಕಟ್ಟಿಸ್ತೀನಿ ಅಕ್ಕಾ. ಎರಡು ಗಿಡ ನಮ್ಮ ತೋಟಕ್ಕೆ ಸಾಕಲ್ಲ?" ಅಂದ.

"ತೋಟಕ್ಕೆ ಎರಡು. ಹಳ್ಳದ ದಂಡೆಗೆ ನಾಲ್ಕು."

"ದಂಡೆಯಲ್ಲಿ ನೆಟ್ಟರೆ ದನ ತಿಂದು ಹಾಕ್ತದೆ. ಬೇಲಿಗೆ ಯಾರು ದುಡ್ಡು ಕೊಡ್ತಾರೆ?"

ನಾನು ಕೊಡ್ತೀನಿ ಅಂದೆ. ಪಕ್ಕದಲ್ಲೇ ನಿಂತಿದ್ದ ಮಗ, ತನ್ನ ಹುಟ್ಟುಹಬ್ಬದ ದುಡ್ಡೂ ಇದೆ, ಮಾವನಿಗೆ ಹೇಳು ಅಂದ.